‘ಸೇ ಅಗೇನ್’ ಅನ್ನಲಿಕ್ಕೆ ನಾಚಿಕೆ ಎಂತಕ್ಕೆ?

ಬಜಪೆಯ ಬಸ್ ನಿಲ್ದಾಣದಲ್ಲಿ ಐದು ನಿಮಿಷ ಕಿವಿ ತೆರೆದು ನಿಂತರೆ ಸಾಕು, ಪುಕ್ಕಟೆ ಇಂಗ್ಲಿಷ್ ಕ್ಲಾಸ್ ಶುರು! ‘ಮರವೂರು, ಕಾವೂರು, ಸ್ಟೇಟ್‌ಬ್ಯಾಂಕ್...’ ಎಂದು ಕಂಡಕ್ಟರ್ ಒಂದೇ ಉಸಿರಿಗೆ ಕೂಗುತ್ತಾರೆ. ಹೊಸಬರಿಗೆ ಇದು ಬ್ಯಾಂಕ್ ನೌಕರರ ಬಸ್ಸಿರಬೇಕು ಎನಿಸಬಹುದು. ನಮಗೆ ಸ್ಟೇಟ್‌ಬ್ಯಾಂಕ್ ಎಂದರೆ ಮಂಗಳೂರಿನ ಸಿಟಿ ಬಸ್ಸುಗಳು ಬಂದು ಸೇರುವ ಜಾಗ. ‘ಓಲ್ಡಾನ್’ ಎಂದರೆ ಬಸ್ಸು ನಿಲ್ಲುತ್ತದೆ, ‘ರೈಟ್’ ಎಂದರೆ ಹೊರಡುತ್ತದೆ. ಪುಸ್ತಕದಲ್ಲಿ ‘ರೈಟ್’ ಎಂದರೆ ಬಲ, ಇಲ್ಲವೇ ಸರಿ. ನಮ್ಮ ಬಸ್ಸು ಮಾತ್ರ ‘ರೈಟ್’ ಕೇಳಿ ನೇರ ಹೋಗುತ್ತದೆ.

ಹೀಗೆ ನಾವು ಪಳಗಿಸಿಕೊಂಡ ಇಂಗ್ಲಿಷ್ ಪದಗಳು ಒಂದೆರಡಲ್ಲ. ಗೋಳಿಬಜೆ ತಿನ್ನುವ ಜಾಗ ನಮಗೆ ‘ಹೋಟೆಲ್’. ಹೊರದೇಶದಲ್ಲಿ ಹೋಟೆಲ್ ಎಂದರೆ ಉಳಿದುಕೊಳ್ಳುವ ಜಾಗ. ಮನೆಗೆ ಕಟ್ಟಿಸಿಕೊಂಡು ಹೋಗುವ ತಿಂಡಿ ನಮಗೆ ‘ಪಾರ್ಸೆಲ್’. ಬ್ರಿಟನ್‌ನಲ್ಲಿ ಅದು ‘ಟೇಕ್‌ಅವೇ’. ನಾವು ‘ಕರೆಂಟ್ ಹೋಯ್ತು’ ಎನ್ನುತ್ತೇವೆ, ಅವರು ‘ಪವರ್’ ಹೋಯಿತೆನ್ನುತ್ತಾರೆ. ನಾನು 2022ರಲ್ಲಿ ‘ಪಾಸೌಟ್’ ಆದೆ ಎಂದು ನಾವು ಹೆಮ್ಮೆಯಿಂದ ಹೇಳಿದರೆ, ಇಂಗ್ಲೆಂಡಿನವರು ‘ಅಯ್ಯೋ, ಪ್ರಜ್ಞೆ ತಪ್ಪಿತ್ತಾ?’ ಎಂದು ಗಾಬರಿಯಾಗಬಹುದು!

ಹಾಗಾದರೆ ನಮ್ಮದೆಲ್ಲ ತಪ್ಪು ಇಂಗ್ಲಿಷಾ? ನನಗೆ ಹಾಗನ್ನಿಸುವುದಿಲ್ಲ. ‘ಪೋಸ್ಟ್‌ಪೋನ್’ಗೆ ಎದುರಾಗಿ ನಮ್ಮ ದೇಶದಲ್ಲಿ ಎಲ್ಲರೂ ಬಳಸುವ ‘ಪ್ರಿಪೋನ್’ ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. 2016ರಲ್ಲಿ ನಮ್ಮ ‘ಅಯ್ಯೋ’ ಕೂಡ ಅದರೊಳಗೆ ಹೋಗಿ ಕೂತಿದೆ. ಹತ್ತು ಜನ ಆಡಿ, ಹತ್ತು ಜನಕ್ಕೆ ಅರ್ಥವಾದರೆ ಅದು ಭಾಷೆಯೇ. ತೊಂದರೆ ಬರುವುದು ಕೇಳುವವರು ಬದಲಾದಾಗ.

ಇದು ಬಜಪೆಯವರಿಗೆ ಬೇರೆಯವರಿಗಿಂತ ಬೇಗ ಗೊತ್ತಾಗುತ್ತದೆ. 1951ರಲ್ಲಿ ಇಲ್ಲಿನ ಗುಡ್ಡದ ಮೇಲೆ ಮೊದಲ ವಿಮಾನ ಇಳಿಯಿತು. 2006ರಲ್ಲಿ ದುಬೈಗೆ ನೇರ ವಿಮಾನ ಶುರುವಾಯಿತು. ಗಲ್ಫ್‌ಗೆ ಹೋದವರು ಬರುವಾಗ ಪೆಟ್ಟಿಗೆ ತುಂಬ ಸಾಮಾನಿನ ಜೊತೆ ಪದಗಳನ್ನೂ ತಂದರು. ಕೋಣೆಯಲ್ಲಿ ಒಂದು ಮಂಚದಷ್ಟೇ ಜಾಗ ಬಾಡಿಗೆಗೆ ಹಿಡಿದರೆ ಅದು ‘ಬೆಡ್ ಸ್ಪೇಸ್’. ಸೌದಿಯಲ್ಲಿ ದುಡಿದವರು ‘ಎಕ್ಸಿಟ್’ನಲ್ಲಿ ಬಂದರು ಎಂದರೆ ಅಲ್ಲಿನ ಕೆಲಸ ಮುಗಿಸಿ, ಇನ್ನು ವಾಪಸ್ ಹೋಗುವುದಿಲ್ಲ ಎಂದರ್ಥ. ಬಾಗಿಲ ಮೇಲೆ ಬರೆಯುವ ಸಣ್ಣ ಪದ, ನಮ್ಮಲ್ಲಿ ಒಂದು ಮನೆಯ ಸಂಪಾದನೆಯ ಕಥೆಯನ್ನೇ ಹೇಳುತ್ತದೆ.

ನಮ್ಮ ನೆರೆಮನೆಯ ಅಣ್ಣ ದುಬೈಗೆ ಹೋದ ಹೊಸದರಲ್ಲಿ ಅಂಗಡಿಯಲ್ಲಿ ಸಾಮಾನು ಕೊಂಡು ‘ಒನ್ ಕವರ್’ ಎಂದು ಕೇಳಿದರಂತೆ. ಕ್ಯಾಷ್ ಕೌಂಟರಿನಲ್ಲಿದ್ದ ಫಿಲಿಪ್ಪೀನ್ಸ್‌ನ ಹುಡುಗಿಗೆ ಅರ್ಥವಾಗಲಿಲ್ಲ. ಅಣ್ಣ ಮತ್ತೆ ಮತ್ತೆ ‘ಕವರ್, ಕವರ್’ ಎಂದರು. ಕೊನೆಗೆ ಕೈ ತೋರಿಸಿದಾಗ ‘ಓ, ಬ್ಯಾಗ್!’ ಎಂದು ನಕ್ಕಳಂತೆ. ಇಬ್ಬರ ಇಂಗ್ಲಿಷೂ ಅವರವರ ಊರಲ್ಲಿ ಸರಿಯೇ. ಅಣ್ಣ ಆ ದಿನ ಒಂದು ಪದ ಕಲಿತು ಬಂದರು, ಅಷ್ಟೆ.

ಆದರೆ ಎಲ್ಲ ಕಡೆ ಹೀಗೆ ನಗುವಿನಲ್ಲಿ ಮುಗಿಯುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಡಿಗ್ರಿ ಮುಗಿಸಿದ ನನ್ನ ಗೆಳತಿ ಒಂದು ಕಂಪನಿಯ ಸಂದರ್ಶನಕ್ಕೆ ಹೋಗಿದ್ದಳು. ಇಂಗ್ಲಿಷ್ ವ್ಯಾಕರಣದಲ್ಲಿ ಕ್ಲಾಸಿಗೇ ಮುಂದಿದ್ದವಳು. ಅಲ್ಲಿದ್ದವರು ಕೇಳಿದ ಮೊದಲ ಮಾತು, ‘ವಾಕ್ ಮಿ ಥ್ರೂ ಯುವರ್ ರೆಸ್ಯೂಮೆ’. ‘ವಾಕ್’ ಗೊತ್ತು, ‘ಥ್ರೂ’ ಗೊತ್ತು. ಎರಡೂ ಸೇರಿದರೆ ಏನೆಂದು ಗೊತ್ತಿಲ್ಲ. ‘ನಿಮ್ಮ ಓದು, ಅನುಭವ ಒಂದೊಂದಾಗಿ ಹೇಳಿ’ ಎಂದಷ್ಟೇ ಅದರ ಅರ್ಥ. ಅವಳು ‘ಯೆಸ್ ಸರ್’ ಎಂದು ಸುಮ್ಮನೆ ಕೂತಳು. ಮುಂದಿನ ಪ್ರಶ್ನೆಗಳಿಗೂ ಬಾಯಿ ಬರಲಿಲ್ಲ. ಸಂಜೆ ಸಿಕ್ಕಾಗ ಕೇಳಿದಳು, ‘ರೆಸ್ಯೂಮೆ ಒಳಗೆ ನಡೆಯುವುದು ಎಂತಕ್ಕೆ ಮಾರಾಯ್ತಿ?’ ಇಬ್ಬರೂ ನಕ್ಕೆವು. ಆದರೆ ಅವಳ ಕಣ್ಣಲ್ಲಿ ನೀರಿತ್ತು.

ಅವಳಿಗೆ ಕಡಿಮೆ ಬಿದ್ದದ್ದು ಪದವಲ್ಲ, ‘ಇನ್ನೊಮ್ಮೆ ಹೇಳಿ’ ಎನ್ನುವ ಧೈರ್ಯ. ಆ ಧೈರ್ಯಕ್ಕೆ ಪಾಠ ಬೇಕಾದರೆ ನಮ್ಮೂರ ಮೇಲೆ ಹಾರುವ ವಿಮಾನಗಳನ್ನೇ ನೋಡಬೇಕು. ಪೈಲಟ್ ಮತ್ತು ಕಂಟ್ರೋಲ್ ಟವರ್ ನಡುವಿನ ಇಂಗ್ಲಿಷ್‌ನಲ್ಲಿ ಆಡಂಬರ ಇಲ್ಲವೇ ಇಲ್ಲ. ‘ಯೆಸ್’ ಬದಲು ‘ಅಫರ್ಮ್’, ‘ನೋ’ ಬದಲು ‘ನೆಗೆಟಿವ್’. ‘ನೈನ್’ ಎಂದರೆ ‘ಫೈವ್’ ಎಂದು ಕೇಳಿಸೀತೆಂದು ‘ನೈನರ್’ ಎನ್ನುತ್ತಾರೆ. ಟವರ್ ಕೊಟ್ಟ ಮುಖ್ಯ ಸೂಚನೆಯನ್ನು ಪೈಲಟ್ ತಿರುಗಿ ಒಪ್ಪಿಸಬೇಕು. ಸರಿಯಾಗಿ ಕೇಳಿಸದಿದ್ದರೆ ಹೇಳಬೇಕಾದ ಮಾತೂ ನಿಗದಿಯಾಗಿದೆ: ‘ಸೇ ಅಗೇನ್’. ಸಾವಿರಾರು ಗಂಟೆ ವಿಮಾನ ಹಾರಿಸಿದ ಕ್ಯಾಪ್ಟನ್ ಕೂಡ ಇದನ್ನು ನಾಚಿಕೆಯಿಲ್ಲದೆ ಹೇಳುತ್ತಾರೆ.

ಅರ್ಥವಾದಂತೆ ನಟಿಸಿದರೆ ಅಲ್ಲಿ ಜೀವವೇ ಹೋಗುತ್ತದೆ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ದಟ್ಟ ಮಂಜಿನ ನಡುವೆ ಎರಡು ಜಂಬೋ ವಿಮಾನಗಳು ರನ್‌ವೇಯಲ್ಲಿ ಡಿಕ್ಕಿಯಾಗಿ 583 ಮಂದಿ ಸತ್ತರು. ಅದಕ್ಕೆ ಕಾರಣ ಹಲವು. ಮಾತಿನ ಗೊಂದಲವೂ ಅದರಲ್ಲೊಂದು. ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬ ಅರ್ಥದ ಮಾತು ಒಂದು ವಿಮಾನದಿಂದ ಬಂತು. ಅದು ಆಗಲೇ ಓಡತೊಡಗಿತ್ತು. ಸಿದ್ಧವಾಗಿ ನಿಂತಿದೆ ಎಂದು ಟವರ್‌ನವರು ತಿಳಿದರು. ಆಮೇಲೆ ‘ಟೇಕಾಫ್’ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ಹಿಂದೆಗೆಯುವಾಗ ಮಾತ್ರ ಬಳಸಬೇಕು ಎಂಬ ಶಿಸ್ತು ಬಂತು; ಉಳಿದ ಕಡೆ ‘ಡಿಪಾರ್ಚರ್’.

ಸಂದರ್ಶನದಲ್ಲಿ ಜೀವ ಹೋಗುವುದಿಲ್ಲ ನಿಜ, ಕೆಲಸ ಹೋಗುತ್ತದೆ. ಹಾಗಾಗಿ ನಾವು ಮೂವರು ಗೆಳತಿಯರು ಒಂದು ನೋಟ್‌ಬುಕ್ ಮಾಡಿದ್ದೇವೆ. ಪುಟಕ್ಕೆ ಮೂರು ಗೆರೆ. ಒಂದರಲ್ಲಿ ಪದ, ಎರಡರಲ್ಲಿ ನಮ್ಮೂರ ಅರ್ಥ, ಮೂರರಲ್ಲಿ ಹೊರಗಿನ ಅರ್ಥ. ರೀಲ್ಸ್‌ನಲ್ಲಿ ಕೇಳುವ ‘ರಿಝ್’ ಕೂಡ ಅದರಲ್ಲಿದೆ. ಮಾತಿನಲ್ಲೇ ಮನಸ್ಸು ಸೆಳೆಯುವ ಗುಣಕ್ಕೆ ಹುಡುಗರಿಟ್ಟ ಆ ಹೆಸರು 2023ರಲ್ಲಿ ಆಕ್ಸ್‌ಫರ್ಡ್‌ನ ವರ್ಷದ ಪದವಾಗಿತ್ತು. ಗೆಳೆಯರ ನಡುವೆ ಚಂದ, ಮ್ಯಾನೇಜರ್ ಮುಂದೆ ಬೇಡ. ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದದ್ದು ಮಾತ್ರ ಒಂದೇ ವಾಕ್ಯ: ‘ಸಾರಿ, ಕುಡ್ ಯು ಸೇ ದಟ್ ಅಗೇನ್?’ ದಿನಾ ಒಬ್ಬರಿಗೊಬ್ಬರು ಜೋರಾಗಿ ಹೇಳಿ ರೂಢಿ ಮಾಡುತ್ತೇವೆ.

ಮೇಜಿನ ಆಚೆ ಕೂತವರಿಗೂ ಒಂದು ಮಾತು. ಆಕಾಶದಲ್ಲಿ, ಇಂಗ್ಲಿಷ್ ಮನೆಮಾತಾದವರೂ ನುಡಿಗಟ್ಟು ಬಿಟ್ಟು ಸರಳವಾಗಿ ಮಾತಾಡಬೇಕು, ಎದುರಿನವರಿಗೆ ಅರ್ಥ ಮಾಡಿಸುವ ಹೊಣೆ ಇಬ್ಬರದೂ ಎಂಬುದು ಒಪ್ಪಿತ ಪದ್ಧತಿ. ನೆಲದ ಮೇಲೂ ಅಷ್ಟು ಮಾಡಿದರೆ, ಕೆಲಸ ಗೊತ್ತಿದ್ದೂ ಒಂದು ನುಡಿಗಟ್ಟಿಗೆ ಎಡವುವ ಎಷ್ಟೋ ಕನ್ನಡ ಮಾಧ್ಯಮದ ಮಕ್ಕಳು ನಿಮಗೆ ಸಿಕ್ಕಿಯಾರು.