ಬಚ್ಚಲುಮನೆಯ ಬಿಸಿನೀರು

ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಬೆಳಗಿ, ಕೊರಳಿಗೆ ಬಳ್ಳಿಯನ್ನು ಸುತ್ತಿ, ಹೊಸ ನೀರನ್ನು ತುಂಬುವ ವಾಡಿಕೆ ನಮ್ಮಲ್ಲುಂಟು. ಈಗ ಪಟ್ಟಣದ ಅನೇಕ ಮನೆಗಳಲ್ಲಿ ಹಂಡೆಯ ಸ್ಥಾನಕ್ಕೆ ಗೀಸರು ಬಂದಿದೆ. ಆದರೆ ವರ್ಷಕ್ಕೊಮ್ಮೆಯಾದರೂ ಹಂಡೆಗೆ ಸಲ್ಲುತ್ತಿದ್ದ ಗಮನವು ಗೀಸರಿಗೆ ಸಲ್ಲುವುದು ಅಪೂರ್ವ. ಇದು ಕೇವಲ ಅಲಕ್ಷ್ಯವಲ್ಲ, ಅಪಾಯವೂ ಹೌದು. ಅದು ಹೇಗೆಂಬುದನ್ನು ವಿಚಾರಮಾಡೋಣ.

ಹಂಡೆಯ ಬಾಯಿ ತೆರೆದದ್ದು. ಒಲೆ ಎಷ್ಟೇ ಉರಿದರೂ ನೀರಿನ ಉಷ್ಣತೆಯು ಸುಮಾರು 100 ಡಿಗ್ರಿ ಸೆಂಟಿಗ್ರೇಡನ್ನು ಮೀರದು. ಹೆಚ್ಚಾದ ಶಾಖವು ಉಗಿಯಾಗಿ ಹೊರಟುಹೋಗುತ್ತದೆ. ಗೀಸರಾದರೋ ಮುಚ್ಚಿದ ಪಾತ್ರೆ. 25 ಲೀಟರು ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಿದರೆ ಅದು ಸುಮಾರು ಮೂರನೆಯ ಒಂದು ಲೀಟರಿನಷ್ಟು ಹಿಗ್ಗುತ್ತದೆ. ಹಿಗ್ಗಿದ ನೀರಿಗೆ ದಾರಿ ಬೇಕು. ಶಾಖವು ಮಿತಿಮೀರಿದರೆ, ಒತ್ತಡದ ದೆಸೆಯಿಂದ ನೀರು 100 ಡಿಗ್ರಿಯನ್ನು ದಾಟಿಯೂ ಕುದಿಯದೆ ನಿಂತಿರುತ್ತದೆ. ಆಗ ಪಾತ್ರೆ ಬಿರಿದರೆ, ಒತ್ತಡವು ತಟ್ಟನೆ ಇಳಿದು ನೀರಿನ ಒಂದು ಭಾಗ ಕ್ಷಣದಲ್ಲಿ ಉಗಿಯಾಗುತ್ತದೆ. ಉಗಿಯು ತಾನು ಹುಟ್ಟಿದ ನೀರಿಗಿಂತ ಸುಮಾರು 1600 ಪಾಲು ಹೆಚ್ಚು ಸ್ಥಳವನ್ನು ಬೇಡುತ್ತದೆ. ಸ್ಫೋಟವೆಂದರೆ ಇದೇ.

ಇದನ್ನು ತಡೆಯಲು ಮೂವರು ಕಾವಲುಗಾರರುಂಟು. ಥರ್ಮೋಸ್ಟಾಟು ಗೊತ್ತಾದ ಉಷ್ಣತೆಯಲ್ಲಿ ವಿದ್ಯುತ್ತನ್ನು ನಿಲ್ಲಿಸುತ್ತದೆ. ಅದು ಕೆಟ್ಟರೆ ಥರ್ಮಲ್ ಕಟ್‌ಔಟು ನಿಲ್ಲಿಸುತ್ತದೆ. ಅದೂ ಸೋತರೆ ಒತ್ತಡದ ವಾಲ್ವು ತೆರೆದು ನೀರನ್ನು ಹೊರಗೆ ಬಿಡುತ್ತದೆ. ಈ ವಾಲ್ವು ತೊಟ್ಟಿಕ್ಕುವುದನ್ನು ಕಂಡು ಅದಕ್ಕೆ ಬಿರಡೆ ಬಡಿಯುವವರಿದ್ದಾರೆ. ಕಡೆಯ ಕಾವಲುಗಾರನ ಕೈಕಟ್ಟಿದಂತೆಯೇ ಸರಿ. ಅದರ ಬಾಯಿಗೆ ಕೊಳವೆಯನ್ನು ಜೋಡಿಸಿ ನೆಲದ ಮೋರಿಯವರೆಗೆ ಇಳಿಬಿಡತಕ್ಕದ್ದು. ತೊಟ್ಟಿಕ್ಕುವುದು ನಿಲ್ಲದಿದ್ದರೆ ಮಿಸ್ತ್ರಿಯನ್ನು ಕರೆಸತಕ್ಕದ್ದು. ಕೊಳ್ಳುವಾಗ ಐ.ಎಸ್. 2082ರ ಅಂಕಿತವುಳ್ಳ ಐ.ಎಸ್.ಐ. ಗುರುತನ್ನು ನೋಡಿಯೇ ಕೊಳ್ಳಬೇಕು.

ವಿದ್ಯುತ್ತಿನ ಮಾತನ್ನು ಸಂಕ್ಷೇಪವಾಗಿ ಹೇಳಬಹುದು. 2 ಕಿಲೋವಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರು ಎಳೆಯುತ್ತದೆ. ಆದುದರಿಂದ 6 ಆಂಪಿಯರಿನ ಸಾಕೆಟ್ಟು ಅದಕ್ಕೆ ಸಲ್ಲದು. 16 ಆಂಪಿಯರಿನದೂ, ಅದಕ್ಕಾಗಿಯೇ ಎಳೆದ ದಪ್ಪ ತಂತಿಯೂ ಬೇಕು. ಮೂರನೆಯ ಕಡ್ಡಿಯ ಅರ್ತಿಂಗು ನಿಜವಾಗಿ ಭೂಮಿಯನ್ನು ಸೇರಿರಬೇಕು. ಜೊತೆಗೆ 30 ಮಿಲಿಆಂಪಿಯರಿನ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಇರಿಸಿ, ಅದರ ಪರೀಕ್ಷೆಯ ಗುಂಡಿಯನ್ನು ಆಗಾಗ್ಗೆ ಒತ್ತಿ ನೋಡುತ್ತಿರಬೇಕು.

ಗ್ಯಾಸಿನ ಗೀಸರಿನ ವಿಷಯ ಇನ್ನೂ ಗಂಭೀರವಾದುದು. 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾಘನ್ ಎಂಬಾತನು ಗ್ಯಾಸಿನಿಂದ ನೀರು ಕಾಯಿಸುವ ಯಂತ್ರವನ್ನು ರಚಿಸಿ ಅದಕ್ಕೆ ಗೀಸರೆಂದು ಹೆಸರಿಟ್ಟನು. ಅದಕ್ಕೆ ಹೊಗೆಕೊಳವೆ ಇರಲಿಲ್ಲ. ಆ ನ್ಯೂನತೆಯನ್ನು ನಾವು ಇಂದಿಗೂ ನಮ್ಮ ಬಚ್ಚಲುಮನೆಗಳಲ್ಲಿ ಮರಳಿ ಸೃಷ್ಟಿಸುತ್ತಿದ್ದೇವೆ. ಲೆಕ್ಕ ಹಾಕಿ ನೋಡಿ. ಒಂದು ಕಿಲೋಗ್ರಾಂ ಅಡಿಗೆಯ ಅನಿಲವು ಉರಿಯಲು ಸುಮಾರು 12 ಘನ ಮೀಟರು ಗಾಳಿ ಬೇಕು. ಸಾಧಾರಣ ಯಂತ್ರವು ಅರ್ಧ ಗಂಟೆಯಲ್ಲಿ ಅರ್ಧ ಕಿಲೋಗ್ರಾಮಿನ ಸಮೀಪ ಉರಿಸುತ್ತದೆ; ಎಂದರೆ 6 ಘನ ಮೀಟರು ಗಾಳಿ. ಸಣ್ಣ ಬಚ್ಚಲುಮನೆಯಲ್ಲಿರುವುದೇ ಏಳೆಂಟು ಘನ ಮೀಟರು! ಗಾಳಿ ಸಾಲದೆ ಉರಿ ಅರೆಬೆಂದಾಗ ಕಾರ್ಬನ್ ಮಾನಾಕ್ಸೈಡು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಗಿಲಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು. ಬಳಿಕ ಅಗುಳಿಯನ್ನು ತೆಗೆಯಲೂ ಕೈಕಾಲಿನಲ್ಲಿ ಶಕ್ತಿ ಉಳಿಯದೆ ಹೋಗಬಹುದು. ಚಳಿಯೆಂದು ಕಿಟಕಿಯನ್ನೂ ಮುಚ್ಚಿದ ದಿನವೇ ಅಪಾಯವು ಹೆಚ್ಚು.

ಪರಿಹಾರವು ಸುಲಭವಾದುದು. ಯಂತ್ರವೂ ಸಿಲಿಂಡರೂ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಲಿ. ಕೊಳವೆಯಲ್ಲಿ ಬಿಸಿನೀರು ಮಾತ್ರ ಒಳಗೆ ಬರಲಿ. ಒಳಗೆ ಹೋದವರು ಕರೆದರೆ ಓಗೊಡದಿದ್ದಲ್ಲಿ ತಡಮಾಡದೆ ಗ್ಯಾಸನ್ನು ಮುಚ್ಚಿ, ಬಾಗಿಲನ್ನು ತೆರೆದು, ಅವರನ್ನು ಬಯಲ ಗಾಳಿಗೆ ತಂದು, 108ಕ್ಕೆ ಕರೆಮಾಡಬೇಕು.

ಕೊಳವೆಬಾವಿಯ ಗಡಸುನೀರು ಬರುವ ಮನೆಗಳಲ್ಲಿ ವರ್ಷಕ್ಕೊಮ್ಮೆ ಪಾತ್ರೆಯೊಳಗಿನ ಸುಣ್ಣದ ಪದರವನ್ನು ತೆಗೆಸಿ, ವಾಲ್ವನ್ನೂ ಪರೀಕ್ಷಿಸಬೇಕು. ಇದಕ್ಕೆ ಬೇರೆ ಮುಹೂರ್ತವನ್ನು ಹುಡುಕಬೇಕಾದುದಿಲ್ಲ; ನೀರು ತುಂಬುವ ಹಬ್ಬದ ಹಿಂದಿನ ಭಾನುವಾರವೇ ಸಾಕು.