ಅಳಿದ ಸಂಸ್ಥಾನದ ಉಳಿದ ನಾಣ್ಯ

ಅರಸರು ಅಳಿದರೂ ಅವರು ಅಚ್ಚೊತ್ತಿಸಿದ ನಾಣ್ಯಗಳು ಉಳಿಯುತ್ತವೆ. ಇಟಲಿಯ ಲೂಕಾ ಮತ್ತು ಪಿಯೊಂಬಿನೊ ಸಂಸ್ಥಾನದ 5 ಫ್ರಾಂಕಿನ ಬೆಳ್ಳಿಯ ನಾಣ್ಯ ಇದಕ್ಕೊಂದು ನಿದರ್ಶನ. ನೆಪೋಲಿಯನ್ನನು 1805ರಲ್ಲಿ ತನ್ನ ತಂಗಿ ಎಲಿಸಾಳಿಗಾಗಿ ಈ ಸಂಸ್ಥಾನವನ್ನು ನಿರ್ಮಿಸಿದನು. 1814ರಲ್ಲಿ ಅವನ ಪತನದೊಡನೆ ಅದೂ ಕುಸಿಯಿತು. ಒಂಬತ್ತೇ ವರ್ಷಗಳ ಬಾಳು!

ನಾಣ್ಯದ ಒಂದು ಮುಖದಲ್ಲಿ ಎಲಿಸಾ ಮತ್ತು ಆಕೆಯ ಪತಿ ಫೆಲಿಚೆ ಬಾಚೊಕಿ ಇವರಿಬ್ಬರ ಶಿರೋಭಾಗಗಳನ್ನು ಕಾಣುತ್ತೇವೆ. ಇನ್ನೊಂದರಲ್ಲಿ ಸಂಸ್ಥಾನದ ಹೆಸರೂ ಬೆಲೆಯೂ ಇವೆ. ನಿನ್ನೆ ಮೊನ್ನೆ ಹುಟ್ಟಿದ ಸಂಸ್ಥಾನದ ನಾಣ್ಯವನ್ನು ವರ್ತಕನು ಯಾವ ಧೈರ್ಯದಿಂದ ಸ್ವೀಕರಿಸಬೇಕು? ಉತ್ತರವಿರುವುದು ಮುಖಗಳಲ್ಲಲ್ಲ, ಲೋಹದಲ್ಲಿ.

ಫ್ರಾನ್ಸ್ ದೇಶದ 1803ರ ಶಾಸನವು ಫ್ರಾಂಕನ್ನು 5 ಗ್ರಾಂ ಬೆಳ್ಳಿಯೆಂದು ಗೊತ್ತುಮಾಡಿತ್ತು. ಆ ಬೆಳ್ಳಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಅಪ್ಪಟ, ಉಳಿದೊಂದು ಪಾಲು ತಾಮ್ರ. ಅಪ್ಪಟ ಬೆಳ್ಳಿ ಮೆದು; ಕೈಯಿಂದ ಕೈಗೆ ಸಾಗುವಾಗ ಬೇಗನೆ ಸವೆಯುತ್ತದೆ. ತಾಮ್ರದ ಬೆರಕೆಯಿಂದ ಅದು ಗಟ್ಟಿಯಾಗುತ್ತದೆ. ಲೂಕಾ ಸಂಸ್ಥಾನವೂ ಇದೇ ಪ್ರಮಾಣವನ್ನು ಅನುಸರಿಸಿತು. ಆದುದರಿಂದ 5 ಫ್ರಾಂಕಿನ ನಾಣ್ಯದ ತೂಕ 25 ಗ್ರಾಂ. ಅದರಲ್ಲಿ ಬೆಳ್ಳಿ 22.5 ಗ್ರಾಂ, ತಾಮ್ರ 2.5 ಗ್ರಾಂ. ಇಂತಹ 40 ಹೊಸ ನಾಣ್ಯಗಳು ಸೇರಿದರೆ ಒಂದು ಕಿಲೋಗ್ರಾಂ!

ಇದನ್ನು ನಾವು ಪರೀಕ್ಷಿಸುವುದು ಹೇಗೆ? ಆರ್ಕಿಮಿಡೀಸನ ತತ್ತ್ವವೇ ಸಾಕು. ಬೆಳ್ಳಿಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 10.5 ಗ್ರಾಂ, ತಾಮ್ರದ್ದು ಸುಮಾರು 9 ಗ್ರಾಂ. ಲೆಕ್ಕ ಹಾಕಿದರೆ ನಾಣ್ಯದ ಗಾತ್ರ ಸುಮಾರು 2.4 ಘನ ಸೆಂಟಿಮೀಟರ್. ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದಾಗ ಅದರ ತೂಕ ಸುಮಾರು 2.4 ಗ್ರಾಂ ಕಡಿಮೆಯಾಗಬೇಕು. ತವರದಂತಹ ಹಗುರ ಲೋಹದಿಂದ ಮಾಡಿದ, ಅಷ್ಟೇ ತೂಕದ ಹುಸಿ ನಾಣ್ಯವು ಗಾತ್ರದಲ್ಲಿ ದೊಡ್ಡದಾಗಿರುವುದರಿಂದ ಇನ್ನೂ ಹೆಚ್ಚು ತೂಕ ಕಳೆದುಕೊಳ್ಳುತ್ತದೆ. ನೀರೇ ಅದರ ಗುಟ್ಟನ್ನು ಬಯಲುಮಾಡುತ್ತದೆ. ನಾಣ್ಯಕ್ಕೆ ಒಂದು ಗೀರೂ ಬೀಳುವುದಿಲ್ಲ.

1815ರ ವಿಯೆನ್ನಾ ಸಮ್ಮೇಳನವು ಲೂಕಾವನ್ನು ಬೇರೊಂದು ರಾಜಮನೆತನಕ್ಕೆ ವಹಿಸಿತು. ಪಿಯೊಂಬಿನೊ ಟಸ್ಕನಿಯ ಪಾಲಾಯಿತು. 1820ರಲ್ಲಿ ಎಲಿಸಾ ತೀರಿಕೊಂಡಳು. ಆದರೆ 1865ರಲ್ಲಿ ಫ್ರಾನ್ಸ್, ಬೆಲ್ಜಿಯಂ, ಇಟಲಿ, ಸ್ವಿಟ್ಸರ್ಲೆಂಡ್‌ಗಳು ನಾಣ್ಯ ಒಕ್ಕೂಟವನ್ನು ರಚಿಸಿಕೊಂಡಾಗ, 5 ಫ್ರಾಂಕಿನ ಬೆಳ್ಳಿಯ ನಾಣ್ಯಕ್ಕೆ ಅದೇ 25 ಗ್ರಾಂ ತೂಕವನ್ನೂ ಅದೇ ಒಂಬತ್ತು ಪಾಲಿನ ಶುದ್ಧತೆಯನ್ನೂ ಉಳಿಸಿಕೊಂಡವು. ಪ್ರಭುಗಳ ಮುದ್ರೆ ಒಂಬತ್ತು ವರ್ಷ ಬಾಳಿತು. ತಕ್ಕಡಿ ಒಪ್ಪಿದ ಅಳತೆ ಅದಕ್ಕಿಂತ ಬಹುಕಾಲ ಬಾಳಿತು.