ಕಾಲಿನ ಕೆಂಪು ಚುಕ್ಕೆ: ಎಲ್ಲವೂ ನಂಜಲ್ಲ



ತೋಟದಲ್ಲಿ ದುಡಿಯುವವರ ಕಾಲಿನಲ್ಲಿ ಕೆಂಪು ಚುಕ್ಕೆಗಳೆದ್ದರೆ ನಾವು ಉಂಬಳವನ್ನೋ ಗೊಬ್ಬರವನ್ನೋ ದೂರುತ್ತೇವೆ. ‘ನಂಜು’ ಎಂದು ಮುಲಾಮು ಹಚ್ಚಿ ಸುಮ್ಮನಾಗುತ್ತೇವೆ. ಆದರೆ ಕೆಲವೊಮ್ಮೆ ಇದರ ಮೂಲ ರಕ್ತದಲ್ಲಿರುತ್ತದೆ.

ಗಾಜಿನ ಲೋಟವನ್ನು ಚುಕ್ಕೆಯ ಮೇಲೆ ಒತ್ತಿ ನೋಡಿರಿ. ಬಣ್ಣ ಮಾಯವಾಗದಿದ್ದರೆ ಚರ್ಮದೊಳಗೆ ರಕ್ತ ಒಸರಿರಬಹುದು. ಜತೆಗೆ ಜ್ವರವಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಜ್ವರವಿಲ್ಲದೆ ಮೊಣಕಾಲಿನ ಕೆಳಗೆ ಚುಕ್ಕೆಗಳು ಮತ್ತೆ ಮತ್ತೆ ಏಳುತ್ತಿದ್ದರೆ, ಗಂಟುನೋವು, ಆಯಾಸ, ಪಾದದ ಜೋಮು ಇದ್ದರೆ ಸಣ್ಣ ರಕ್ತನಾಳಗಳ ಉರಿಯೂತವನ್ನು ಶಂಕಿಸಬೇಕು.

ಇದಕ್ಕೆ ಹಲವು ಕಾರಣಗಳಿವೆ. 1989ರಲ್ಲಿ ಗುರುತಿಸಲಾದ ಹೆಪಟೈಟಿಸ್ ಸಿ ವೈರಸ್ ಅವುಗಳಲ್ಲೊಂದು. ಅದು ಕಾಮಾಲೆಯನ್ನೂ ತೋರಿಸದೆ ವರ್ಷಗಟ್ಟಲೆ ಪಿತ್ತಜನಕಾಂಗದಲ್ಲಿ ಅಡಗಿರಬಲ್ಲದು. ಅದರ ವಿರುದ್ಧ ಹೋರಾಡುವ ದೇಹವು ಕೆಲವರಲ್ಲಿ ಒಂದು ವಿಚಿತ್ರ ಪ್ರೋಟೀನನ್ನು ತಯಾರಿಸುತ್ತದೆ. ಚಳಿಗಾಲದ ಬೆಳಿಗ್ಗೆ ತೆಂಗಿನೆಣ್ಣೆ ಹೆಪ್ಪುಗಟ್ಟುವಂತೆ, ತಣ್ಣಗಾದಾಗ ಗಟ್ಟಿಯಾಗುವ ಪ್ರೋಟೀನ್ ಇದು, ಹೆಸರು ಕ್ರಯೋಗ್ಲಾಬ್ಯುಲಿನ್. ಇದು ರಕ್ತನಾಳಗಳ ಗೋಡೆಯಲ್ಲಿ ಕೂತು ಉರಿಯೂತ ಉಂಟುಮಾಡುತ್ತದೆ. ಚರ್ಮದಲ್ಲಿ ಕಾಣುವುದು ಚುಕ್ಕೆ ಮಾತ್ರ. ಮೂತ್ರಪಿಂಡಕ್ಕೂ ನರಗಳಿಗೂ ಅದೇ ಹಾನಿ ತಟ್ಟಬಹುದು. ಮೂತ್ರದಲ್ಲಿ ನೊರೆ ಅಥವಾ ರಕ್ತ ಕಂಡರೆ ತಡಮಾಡಬಾರದು.

ವೈದ್ಯರು ಮೂತ್ರವನ್ನೂ ಹೆಪಟೈಟಿಸ್ ಬಿ ಹಾಗೂ ಸಿಗಾಗಿ ರಕ್ತವನ್ನೂ ಪರೀಕ್ಷಿಸುತ್ತಾರೆ. ಕ್ರಯೋಗ್ಲಾಬ್ಯುಲಿನ್ ಪರೀಕ್ಷೆಗೆ ತೆಗೆದ ರಕ್ತವನ್ನು ಪ್ರಯೋಗಾಲಯ ಮುಟ್ಟುವವರೆಗೆ 37 ಡಿಗ್ರಿ ಬಿಸಿಯಲ್ಲೇ ಇಡಬೇಕು. ತಣಿದರೆ ರೋಗವಿದ್ದರೂ ‘ಇಲ್ಲ’ ಎಂಬ ಉತ್ತರ ಬಂದೀತು. ಅಂಗಡಿಯ ನೋವಿನ ಮಾತ್ರೆಗಳನ್ನು ನೀವಾಗಿಯೇ ನುಂಗಬೇಡಿರಿ. ಮೂತ್ರಪಿಂಡಕ್ಕೆ ಅವು ಇನ್ನಷ್ಟು ಭಾರ.

ಸಂತೋಷದ ಸಂಗತಿಯೆಂದರೆ ಹೆಪಟೈಟಿಸ್ ಸಿ ಇಂದು ಗುಣವಾಗುವ ರೋಗ. ಹೆಚ್ಚಿನವರಿಗೆ 12 ವಾರ ಮಾತ್ರೆ ಸಾಕು. ನೂರರಲ್ಲಿ 95ಕ್ಕಿಂತ ಹೆಚ್ಚು ಮಂದಿಯಲ್ಲಿ ವೈರಸ್ ನಾಶವಾಗುತ್ತದೆ. ವೈರಸ್ ಹೋದರೆ ಬಹುಪಾಲು ಜನರ ಚುಕ್ಕೆಗಳೂ ಮಾಸುತ್ತವೆ. ಉರಿಯೂತ ತೀವ್ರವಾಗಿದ್ದರೆ ಬೇರೆ ಔಷಧಿಯೂ ಬೇಕಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ನಿಗದಿತ ಸರಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ.

ಇದು ರಕ್ತದಿಂದ ರಕ್ತಕ್ಕೆ ಹರಡುವ ರೋಗ. ಶುದ್ಧಗೊಳಿಸದ ಸೂಜಿ, ಹಚ್ಚೆ, ಒಬ್ಬರು ಬಳಸಿದ ಬ್ಲೇಡು ಅಪಾಯಕಾರಿ. ಇದಕ್ಕೆ ಲಸಿಕೆಯಿಲ್ಲವಾದ್ದರಿಂದ ಎಚ್ಚರವೇ ರಕ್ಷೆ. ಆದರೆ ಜತೆಯಲ್ಲಿ ಕೂತು ಉಣ್ಣುವುದರಿಂದ, ಮುಟ್ಟುವುದರಿಂದ ಹರಡದು. ಆದುದರಿಂದ ರೋಗಿಯ ತಟ್ಟೆ-ಲೋಟ ಬೇರೆಯಿಡುವುದು ಬೇಡ. ಬೇಕಾದುದು ತೋಟದ ಕೆಲಸಕ್ಕೆ ಒಂದು ದಿನ ಬಿಡುವು ಕೊಟ್ಟು, ಅವರೊಡನೆ ಆಸ್ಪತ್ರೆಗೆ ಹೋಗುವ ಮನಸ್ಸು.